ಬಿಲ್ಲು ಕೊಟ್ಟವನೇ ತಂದೆ



ಹೆಂಡತಿಯಿದ್ದೂ ಗಂಡಸು ಗುಟ್ಟಾಗಿ ಇನ್ನೊಂದು ಸಂಸಾರ ಹೂಡಿದರೆ ನಾವು 'ಚಿಕ್ಕ ಮನೆ' ಎನ್ನುತ್ತೇವೆ. ತಮಿಳಿನಲ್ಲಿ 'ಚಿನ್ನ ವೀಡು', ತೆಲುಗಿನಲ್ಲಿ 'ಚಿನ್ನಿಲ್ಲು'. ಗಡಿ ದಾಟಿದರೂ ಮಾತು ಅದೇ, ನೋವೂ ಅದೇ.

ಈಗ ನಗರಗಳಲ್ಲಿ ಬೇರೊಂದು ಹೆಸರು ಕೇಳಿಬರುತ್ತಿದೆ: ಪಾಲಿಅಮೊರಿ, ಅಂದರೆ ಬಹುಪ್ರೇಮ. ಒಬ್ಬರಿಗಿಂತ ಹೆಚ್ಚು ಮಂದಿಯೊಡನೆ, ಎಲ್ಲರಿಗೂ ತಿಳಿಸಿ, ಎಲ್ಲರ ಒಪ್ಪಿಗೆ ಪಡೆದು ಪ್ರೇಮಸಂಬಂಧ ಇಟ್ಟುಕೊಳ್ಳುವುದು. ಇದು 1990ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಪದ. 2020ರಲ್ಲಿ ಅಲ್ಲಿನ ಮ್ಯಾಸಚೂಸೆಟ್ಸ್ ರಾಜ್ಯದ ಸೊಮರ್‌ವಿಲ್ ನಗರಸಭೆ ಇಬ್ಬರಿಗಿಂತ ಹೆಚ್ಚು ಜನರ ಕೂಡುಬಾಳನ್ನೂ ನೋಂದಾಯಿಸಲು ಒಪ್ಪಿತು. ಗುಟ್ಟಿಲ್ಲ ಎಂಬುದೇ ಇದಕ್ಕೂ ಚಿಕ್ಕ ಮನೆಗೂ ಇರುವ ವ್ಯತ್ಯಾಸ. ಆದರೆ ಅಷ್ಟೇ ಸಾಕೇ? ಹುಟ್ಟುವ ಮಗುವಿಗೆ ಹೊಣೆ ಯಾರು?

ಈ ಪ್ರಶ್ನೆ ಹೊಸದಲ್ಲ. ನಮ್ಮ ನೀಲಗಿರಿಯ ತೋಡರಲ್ಲಿ ಹಿಂದೆ ಅಣ್ಣತಮ್ಮಂದಿರಿಗೆಲ್ಲ ಒಬ್ಬಳೇ ಹೆಂಡತಿ. ಅವಳಿಗೆ ಏಳು ತಿಂಗಳು ತುಂಬುವ ಹೊತ್ತಿಗೆ ಅವರಲ್ಲೊಬ್ಬ, ಸಾಮಾನ್ಯವಾಗಿ ಹಿರಿಯ, ನೆಂಟರಿಷ್ಟರ ಎದುರು ಪುಟ್ಟ ಬಿಲ್ಲುಬಾಣ ಕೊಡುತ್ತಿದ್ದ. ಕೊಟ್ಟವನೇ ಮಗುವಿನ ತಂದೆ. ಇನ್ನೊಬ್ಬ ಬಿಲ್ಲು ಕೊಡುವ ತನಕ ಮುಂದಿನ ಮಕ್ಕಳಿಗೂ ಅವನೇ ತಂದೆ. ರಿವರ್ಸ್ ಎಂಬ ಇಂಗ್ಲಿಷ್ ವಿದ್ವಾಂಸರು 1906ರ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ.

ಆ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ. ಹೆಣ್ಣುಮಗುವಿಗೆ ಎಳವೆಯಲ್ಲೇ ಮದುವೆ ಗೊತ್ತುಮಾಡುತ್ತಿದ್ದರು, ಅವಳನ್ನು ಕೇಳಿದವರಾರು? ಅಲ್ಲಿ ಬಿಲ್ಲಿತ್ತು, ಅವಳ ಒಪ್ಪಿಗೆ ಇರಲಿಲ್ಲ. ಇಂದಿನ ಬಹುಪ್ರೇಮದಲ್ಲಿ ಒಪ್ಪಿಗೆಯಿದೆ, ಬಿಲ್ಲು ಕೊಡುವವರು ಯಾರೆಂಬುದು ತೀರ್ಮಾನವಾಗಿಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ? 1955ರ ಹಿಂದೂ ವಿವಾಹ ಕಾಯ್ದೆಯಂತೆ ಮೊದಲ ಮದುವೆ ಊರ್ಜಿತವಿರುವಾಗ ಎರಡನೆಯದು ಸಲ್ಲದು, ಅದು ಅಪರಾಧವೂ ಹೌದು. ಎರಡನೆಯವಳಿಗೆ ಅವನ ಆಸ್ತಿಯಲ್ಲಿ ಹೆಂಡತಿಯೆಂಬ ಪಾಲಿಲ್ಲ. ಆದರೆ ಅವಳ ಮಕ್ಕಳು ಕಾನೂನುಬದ್ಧ ಸಂತಾನವೇ. ಒಟ್ಟು ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರುವ ಪಾಲಿನಲ್ಲೂ ಅವರಿಗೆ ಹಕ್ಕುಂಟೆಂದು 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ದೊಡ್ಡವರ ತಪ್ಪಿಗೆ ಮಕ್ಕಳು ಬೆಲೆ ತೆರಬಾರದು ಎಂಬುದೇ ಇದರ ತಿರುಳು.

ಮಗುವಿಗೆ ಬೇಕಾದ್ದು ಇಷ್ಟೇ: ಶಾಲೆಯ ಅರ್ಜಿಗೆ ಸಹಿ ಹಾಕುವ ಒಂದು ಕೈ, ಜ್ವರ ಬಂದ ರಾತ್ರಿ ಪಕ್ಕದಲ್ಲಿ ಕೂರುವ ಒಂದು ಜೀವ. ನಾಲ್ಕು ಜನರ ಮುಂದೆ 'ನಾನಿದ್ದೇನೆ' ಎನ್ನಲಾಗದವರು, ಪ್ರೇಮ ಒಂದಿರಲಿ ಮೂರಿರಲಿ, ಸಂಸಾರ ಹೂಡಬಾರದು.