ಪೆರೊವ್‌ಸ್ಕೈಟ್ ಸೌರ ಫಲಕ: ಇಳುವರಿಯ ಜೊತೆ ಬಾಳಿಕೆಯೂ ಬೇಕು



ಹೊಸ ತಳಿಯೊಂದು ಸಂಶೋಧನಾ ಕೇಂದ್ರದ ತಾಕಿನಲ್ಲಿ ಹೆಚ್ಚು ಇಳುವರಿ ಕೊಟ್ಟ ಮಾತ್ರಕ್ಕೆ ಅದನ್ನು ಬಿಡುಗಡೆ ಮಾಡುವುದಿಲ್ಲ. ಅದು ಬರ, ರೋಗ, ಕೀಟಗಳನ್ನು ತಾಳಬೇಕು; ಬೀಜವೂ ಸಾಕಷ್ಟು ಉತ್ಪಾದನೆಯಾಗಬೇಕು. ಪೆರೊವ್‌ಸ್ಕೈಟ್ ಸೌರ ಫಲಕ ಇಂದು ಇದೇ ಘಟ್ಟದಲ್ಲಿದೆ. ಕೊಳವೆಬಾವಿಗೆ ಸೌರ ಪಂಪು ಕೂರಿಸುವವರು ಈಗಿನ ಫಲಕ ಕೊಳ್ಳಬೇಕೆ, ಹೊಸದಕ್ಕೆ ಕಾಯಬೇಕೆ ಎಂಬುದನ್ನು ನೋಡೋಣ.

ಏನಿದು?

ಪೆರೊವ್‌ಸ್ಕೈಟ್ ಎಂಬುದು 1839ರಲ್ಲಿ ರಷ್ಯದ ಯೂರಲ್ ಪರ್ವತಗಳಿಂದ ದೊರೆತ ಖನಿಜದ ಹೆಸರು. ಅದರಂತೆಯೇ ಹರಳಿನ ರಚನೆಯುಳ್ಳ, ಸೀಸ ಮತ್ತು ಅಯೋಡಿನ್ ಸೇರಿದ ಸಂಯುಕ್ತಗಳಿಂದ ಈ ಸೌರಕೋಶವನ್ನು ಮಾಡುತ್ತಾರೆ. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಕ ಮತ್ತು ಸಂಗಡಿಗರ ಕೋಶವು ಬೆಳಕಿನ ಶೇಕಡ 3.8 ಭಾಗವನ್ನಷ್ಟೇ ವಿದ್ಯುತ್ತಾಗಿ ಪರಿವರ್ತಿಸಿತ್ತು. ಈಗ ಪ್ರಯೋಗಾಲಯದ ಸಣ್ಣ ಕೋಶಗಳು ಶೇಕಡ 26ನ್ನು ದಾಟಿವೆ. ಅಡಿಕೆ ಮರ ಬಿಟ್ಟ ಬೆಳಕನ್ನು ಕೆಳಗಿನ ಏಲಕ್ಕಿ ಬಳಸುವಂತೆ, ಮೇಲಿನ ಪೆರೊವ್‌ಸ್ಕೈಟ್ ಪದರ ಬಿಟ್ಟ ಬೆಳಕನ್ನು ಕೆಳಗಿನ ಸಿಲಿಕಾನ್ ಹಿಡಿಯುವ ಜೋಡಿ ಕೋಶವು 2024ರಲ್ಲಿ ಶೇಕಡ 34.6 ಮುಟ್ಟಿತು.

ಬಾಳಿಕೆಯ ತೊಡಕು

ತೇವ, ಶಾಖ, ಆಮ್ಲಜನಕ ಮತ್ತು ಅತಿನೇರಳೆ ಕಿರಣ ಇದರ ಶತ್ರುಗಳು. ಇವುಗಳಿಂದ ಸಂಯುಕ್ತದ ಒಂದು ಭಾಗ ಅನಿಲವಾಗಿ ಹೊರಟುಹೋಗಿ, ಕಪ್ಪು ಪದರ ಹಳದಿ ಸೀಸದ ಅಯೋಡೈಡ್ ಆಗುತ್ತದೆ. ಪರಿಹಾರವಾಗಿ, ಬೇಗ ಹಾರಿಹೋಗುವ ಮೀಥೈಲ್ ಅಮೋನಿಯಮ್ ಬದಲು ಫಾರ್ಮಮಿಡಿನಿಯಮ್ ಮತ್ತು ಸೀಸಿಯಮ್ ಬಳಸುತ್ತಾರೆ. ಪದರವನ್ನು ಎರಡು ಗಾಜುಗಳ ನಡುವೆ ಇಟ್ಟು ಅಂಚನ್ನು ಬ್ಯುಟೈಲ್ ರಬ್ಬರಿನಿಂದ ಮುಚ್ಚುತ್ತಾರೆ.

ಫಲಕಗಳನ್ನು 85 ಡಿಗ್ರಿ ಸೆಂಟಿಗ್ರೇಡ್ ಶಾಖ, ಶೇಕಡ 85 ಆರ್ದ್ರತೆಯಲ್ಲಿ 1000 ಗಂಟೆ ಇಟ್ಟು ಪರೀಕ್ಷಿಸುವುದು ರೂಢಿ. ಆದರೆ ಪೆರೊವ್‌ಸ್ಕೈಟ್‌ಗೆ ಇದೊಂದೇ ಸಾಲದು. ಬಿಸಿಲು ಮತ್ತು ಶಾಖ ಒಟ್ಟಿಗೆ ತಗಲುವಾಗ, ಹಗಲು ರಾತ್ರಿ ಬದಲಾಗುವಾಗ ಅದು ಬೇರೆ ರೀತಿಯಲ್ಲಿ ಸವೆಯುತ್ತದೆ. ಬಯಲಿನಲ್ಲಿ ಹಲವು ವರ್ಷ ನಿಲ್ಲಿಸಿ ನೋಡುವುದು ಅತ್ಯವಶ್ಯ.

ತಯಾರಿಕೆಯ ತೊಡಕು

ಪ್ರಯೋಗಾಲಯದಲ್ಲಿ ತಿರುಗುವ ಗಾಜಿನ ಮೇಲೆ ದ್ರಾವಣ ಹನಿಸುತ್ತಾರೆ. ಹೆಚ್ಚಿನ ಪಾಲು ಹೊರಗೆ ಸಿಡಿದು ನಷ್ಟವಾಗುತ್ತದೆ. ಕಾರ್ಖಾನೆಗೆ ಈ ಕ್ರಮ ಒಗ್ಗದು. ಅಲ್ಲಿ ಕಿರಿದಾದ ಸೀಳಿನಿಂದ ದ್ರಾವಣವನ್ನು ದೊಡ್ಡ ಗಾಜಿನ ಮೇಲೆ ಹರಡಬೇಕು, ಇಲ್ಲವೆ ನಿರ್ವಾತದಲ್ಲಿ ಆವಿಯಾಗಿ ಕೂರಿಸಬೇಕು. ಪದರದ ದಪ್ಪ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಕಡಿಮೆ. ಅದು ಎಲ್ಲೆಡೆ ಸಮನಾಗಿ ಒಣಗದಿದ್ದರೆ ಸೂಜಿಮೊನೆಯಂಥ ರಂಧ್ರಗಳು ಉಳಿದು ವಿದ್ಯುತ್ ಸೋರುತ್ತದೆ. 2024ರಲ್ಲಿ ಆಕ್ಸ್‌ಫರ್ಡ್ ಪಿವಿ ಕಂಪನಿ ಜರ್ಮನಿಯ ತನ್ನ ಕಾರ್ಖಾನೆಯಿಂದ ಮಾರಾಟಕ್ಕೆ ಕಳಿಸಿದ ಜೋಡಿ ಫಲಕಗಳ ದಕ್ಷತೆ ಶೇಕಡ 24.5. ಸಣ್ಣ ಕೋಶಕ್ಕೂ ದೊಡ್ಡ ಫಲಕಕ್ಕೂ ಇರುವ ಅಂತರ ಇದರಿಂದ ತಿಳಿಯುತ್ತದೆ.

ರೈತರು ಗಮನಿಸಬೇಕಾದದ್ದು

5 ಅಶ್ವಶಕ್ತಿಯ ಪಂಪಿಗೆ ಸುಮಾರು 4.8 ಕಿಲೊವಾಟ್ ಫಲಕ ಬೇಕು. ಶೇಕಡ 20 ದಕ್ಷತೆಯಲ್ಲಿ ಇದಕ್ಕೆ 24 ಚದರ ಮೀಟರ್, ಶೇಕಡ 24.5ರಲ್ಲಿ ಸುಮಾರು 20 ಚದರ ಮೀಟರ್ ಸಾಕು. ಉಳಿಯುವ ಜಾಗ 4 ಚದರ ಮೀಟರ್ ಮಾತ್ರ. ಫಲಕವು ವರ್ಷಕ್ಕೆ ಶೇಕಡ 5ರಂತೆ ಸೊರಗಿತೆಂದು ಭಾವಿಸಿ: ಹತ್ತು ವರ್ಷದಲ್ಲಿ 4.8 ಕಿಲೊವಾಟ್ 2.9ಕ್ಕೆ ಇಳಿಯುತ್ತದೆ. ಶೇಕಡ ಅರ್ಧದಂತೆ ಸೊರಗಿದರೆ 4.5ಕ್ಕಿಂತ ಹೆಚ್ಚೇ ಉಳಿಯುತ್ತದೆ. ಬೇಸಿಗೆಯಲ್ಲಿ ಬೆಳೆ ಬಾಡುವಾಗ ಈ ವ್ಯತ್ಯಾಸವೇ ನೀರು.

ಆದುದರಿಂದ ಪಂಪು ಈಗ ಬೇಕಾದವರು ಕಾಯಬೇಕಿಲ್ಲ; ಸಿಲಿಕಾನ್ ಫಲಕವನ್ನೇ ಕೂರಿಸಬಹುದು. ಯಾವುದೇ ಫಲಕ ಕೊಳ್ಳುವಾಗ ಎಷ್ಟು ವರ್ಷಕ್ಕೆ ಎಷ್ಟು ಉತ್ಪಾದನೆಯ ಖಾತರಿ ಎಂಬುದನ್ನು ಬರಹದಲ್ಲಿ ಪಡೆಯಿರಿ. ಪೆರೊವ್‌ಸ್ಕೈಟ್ ಫಲಕವಾದರೆ, ಬಯಲಿನಲ್ಲಿ ಎಷ್ಟು ವರ್ಷ ನಿಂತಿದೆ ಎಂದು ಕೇಳಿರಿ. ಅದರಲ್ಲಿ ಸೀಸವಿರುವುದರಿಂದ, ಒಡೆದ ಫಲಕವನ್ನು ಹೊಲ ಬಾವಿಗಳ ಬಳಿ ಎಸೆಯದೆ ಮಾರಿದವರಿಗೇ ಹಿಂದಿರುಗಿಸಬೇಕು.

ತಳಿಯನ್ನು ಒಂದೇ ಹಂಗಾಮಿನ ಇಳುವರಿಯಿಂದ ಅಳೆಯದ ರೈತರು ಫಲಕವನ್ನೂ ಮೊದಲ ದಿನದ ದಕ್ಷತೆಯಿಂದ ಅಳೆಯಬಾರದು.