ತೈಲಬಾವಿಯ ಭಾಷಾಂತರಕಾರ

ಬಾವಿಯೆಂದೊಡನೆ ನಮಗೆ ನೀರು ನೆನಪಾಗುತ್ತದೆ. ಇಸ್ರೇಲಿನ ಹೆಲೆಟ್ಸ್ ಎಂಬಲ್ಲಿ 1955ರಲ್ಲಿ ಬಾವಿ ಕೊರೆದಾಗ ಕಲ್ಲೆಣ್ಣೆ ದೊರೆಯಿತು. 2010ರಲ್ಲಿ ಹೈಫಾದ ಪಶ್ಚಿಮಕ್ಕೆ ಸುಮಾರು 130 ಕಿಲೋಮೀಟರು ದೂರದ ಕಡಲಡಿಯಲ್ಲಿ ಅನಿಲ ಸಿಕ್ಕಿತು. ಆದರೆ ಈ ಕಸಬಿನ ಮಾತೆಲ್ಲ ಇಂಗ್ಲಿಷು. ಅದನ್ನು ಹೀಬ್ರೂವಿಗೆ ತರಬಲ್ಲವರನ್ನು ಹುಡುಕುವುದೆಲ್ಲಿ?

ಹೀಬ್ರೂ ಬಡಭಾಷೆಯಲ್ಲ. ಕಲ್ಲೆಣ್ಣೆಗೆ ಅಲ್ಲಿ ‘ನೆಫ್ಟ್’ ಎನ್ನುತ್ತಾರೆ. ಸಬ್ಬತ್ತಿನ ದೀಪಕ್ಕೆ ಯಾವ ಎಣ್ಣೆ ಸಲ್ಲುವುದೆಂಬ ಮಿಷ್ನಾ ಗ್ರಂಥದ ಚರ್ಚೆಯಲ್ಲೇ ಆ ಮಾತು ಬಂದಿದೆ. ಹೊಸ ಪದಗಳಿಗೆ 1953ರಲ್ಲಿ ಸ್ಥಾಪಿತವಾದ ಭಾಷಾ ಅಕಾಡೆಮಿಯೂ ಉಂಟು.

ತೊಡಕು ಬೇರೆಡೆ ಇದೆ. ತೈಲಬಾವಿಯವರ ‘ಮಡ್’ ಬರಿಯ ಕೆಸರಲ್ಲ. ಬಾವಿಯೊಳಗಿನ ಒತ್ತಡವನ್ನು ತಡೆಹಿಡಿಯಲೆಂದೇ ಹದಮಾಡಿದ ದ್ರವ. ‘ಫಿಷಿಂಗ್’ ಎಂದರೆ ಆಳದಲ್ಲಿ ಮುರಿದು ಬಿದ್ದ ಉಪಕರಣವನ್ನು ಮೇಲೆತ್ತುವುದು. ‘ಕ್ರಿಸ್‌ಮಸ್ ಟ್ರೀ’ ಬಾವಿಯ ಬಾಯಿಗೆ ಕೂಡಿಸಿದ ಕವಾಟಗಳ ಜೋಡಣೆ. ನನ್ನಂಥ ಪಂಡಿತನಾದರೆ ನಿಘಂಟು ನೋಡಿ ಮೀನು ಹಿಡಿಸಿಯೇನು! ನಗಬಹುದು, ಆದರೆ ಆ ದ್ರವದ ತೂಕವನ್ನು ಕುರಿತ ಒಂದು ವಾಕ್ಯ ತಪ್ಪಿದರೆ ಬಾವಿ ಸಿಡಿದು ಜೀವಹಾನಿಯಾದೀತು.

ಆದಕಾರಣ ಮೊದಲು ಹೀಬ್ರೂ ತಾಯ್ನುಡಿಯ ಎಂಜಿನಿಯರುಗಳಲ್ಲಿ, ನಿವೃತ್ತರಾದವರಲ್ಲಿ ವಿಚಾರಿಸಬೇಕು. ಪದವಿಪತ್ರ ನೋಡುವ ಮುನ್ನ ಇಂತಹ ಮಾತುಗಳಿರುವ ಒಂದು ಪುಟವನ್ನು ಕೊಟ್ಟು ನೋಡಬೇಕು. ಸಂಶಯ ಬಂದಲ್ಲಿ ಪ್ರಶ್ನೆ ಬರೆದು ಕಳುಹಿಸುವವನೇ ಆಗಬಹುದಾದವನು. ಅವನ ವ್ಯಾಕರಣ ತಿದ್ದಲು ಒಬ್ಬ ಪಂಡಿತನೂ ಜೊತೆಗಿರಲಿ. ನಮ್ಮವರಿಗೂ ಕೆಲಸ ಬೇಡವೆ?