ಅಮೇರಿಕೆಯ ಮೇಲೆ ಮುನಿಸೇಕೆ?

ಅಮೇರಿಕೆಯ ಹೆಸರೆತ್ತಿದರೆ ನಮ್ಮ ಊರುಗಳಲ್ಲಿ ಎರಡು ಬಗೆಯ ಮಾತುಗಳು ಒಟ್ಟಿಗೇ ಹೊರಡುತ್ತವೆ. ಮಗನನ್ನು ಅಲ್ಲಿಗೆ ಕಳಿಸಬೇಕೆಂಬುದು ಒಂದು. ಆ ದೇಶದ ದರ್ಪ ಬಹಳವಾಯಿತೆಂಬುದು ಇನ್ನೊಂದು. ಒಬ್ಬನೇ ಮನುಷ್ಯ ಒಂದೇ ಕಟ್ಟೆಯ ಮೇಲೆ ಕುಳಿತು ಎರಡನ್ನೂ ಆಡುವುದುಂಟು. ಜಗತ್ತಿನ ಬೇರೆ ದೇಶಗಳಲ್ಲಿಯೂ ಇದೇ ಬಗೆ. ಇದೆಲ್ಲ ಬರಿಯ ಹೊಟ್ಟೆಕಿಚ್ಚೆಂದು ಕೆಲವರು ತಳ್ಳಿಹಾಕುತ್ತಾರೆ. ಅಷ್ಟು ಸುಲಭವಾಗಿ ತಳ್ಳುವಂಥದಲ್ಲ. ಮುನಿಸಿಗೆ ಕಾರಣಗಳಿರುತ್ತವೆ, ಕೆಲವು ಗಟ್ಟಿ, ಕೆಲವು ಜೊಳ್ಳು. ಮೊರದಲ್ಲಿ ಹಾಕಿ ಅವನ್ನು ಒಮ್ಮೆ ಕೇರಿ ನೋಡೋಣ.

ಮೊದಲು ನಮ್ಮ ಮನೆಯ ಕಾಳನ್ನೇ ತೆಗೆದುಕೊಳ್ಳಿರಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹಿರಿಯರ ಮುಂದೆ 1965-66ರ ಬರಗಾಲದ ಮಾತು ತೆಗೆದರೆ, ರೇಶನ್ ಅಂಗಡಿಯ ಕೆಂಪು ಜೋಳದ ಮಾತು ಬಾರದೆ ಇರದು. ಅದು ಮೈಲೋ ಎಂಬ ಅಮೇರಿಕೆಯ ಜೋಳ. ‘ಪಬ್ಲಿಕ್ ಲಾ 480’ ಎಂಬ ಆ ದೇಶದ ಕಾಯಿದೆಯ ಮೇರೆಗೆ 1956ರಲ್ಲಿ ನಮ್ಮ ಸರಕಾರ ಒಪ್ಪಂದ ಮಾಡಿಕೊಂಡಿತ್ತು. ಡಾಲರಿನ ಬದಲು ರೂಪಾಯಿ ಕೊಟ್ಟು ಧಾನ್ಯ ತರಿಸಬಹುದಾಗಿತ್ತು. ಬರ ಬಿದ್ದಾಗ, 1966ನೆಯ ಒಂದೇ ವರ್ಷದಲ್ಲಿ ಹೊರದೇಶಗಳಿಂದ ಭಾರತಕ್ಕೆ ಬಂದ ಕಾಳು ಸುಮಾರು 1 ಕೋಟಿ ಟನ್ನು. ಅದರಲ್ಲಿ ಬಹುಪಾಲು ಅಮೇರಿಕೆಯದು. ಆ ಕಾಳಿಲ್ಲದಿದ್ದರೆ ಎಷ್ಟು ಒಲೆಗಳು ಆರುತ್ತಿದ್ದವೋ! ಇದನ್ನು ಮರೆತರೆ ಕೃತಘ್ನತೆಯಾದೀತು.

ಆದರೆ ಬಿಳಿಜೋಳದ ತೆಳ್ಳನೆಯ ರೊಟ್ಟಿ ಬಡಿಯುವ ಕೈಗಳಿಗೆ ಆ ಹಿಟ್ಟು ಒಗ್ಗಲಿಲ್ಲ. ತನ್ನ ನೆಲದಲ್ಲಿ ಅದು ಹೆಚ್ಚಾಗಿ ದನಕರುಗಳ ಆಹಾರವೆಂಬುದು ಮನಸ್ಸನ್ನು ಇನ್ನಷ್ಟು ಚುಚ್ಚಿತು. ರುಚಿಯ ಮಾತು ಹೇಗೂ ಇರಲಿ, ನಿಜವಾದ ನೋವು ಬೇರೆಯಿತ್ತು. 1965ರಿಂದ ಅಧ್ಯಕ್ಷ ಜಾನ್ಸನ್ನರು ವರ್ಷದ ಕಾಳನ್ನು ಒಮ್ಮೆಲೆ ಮಂಜೂರು ಮಾಡದೆ, ಸ್ವಲ್ಪ ಸ್ವಲ್ಪವಾಗಿ, ತಡೆತಡೆದು ಬಿಡತೊಡಗಿದರು. ಭಾರತ ತನ್ನ ಒಕ್ಕಲುತನ ಸುಧಾರಿಸಲೆಂಬುದು ಒಂದು ಕಾರಣ. ವಿಯೆಟ್ನಾಮಿನ ಮೇಲೆ ಬಾಂಬು ಹಾಕುವುದನ್ನು ಭಾರತ ಟೀಕಿಸಿದ್ದು ಅವರಿಗೆ ಹಿಡಿಸಲಿಲ್ಲವೆಂಬುದು ಇನ್ನೊಂದು. ಲಾಲಬಹಾದ್ದೂರ ಶಾಸ್ತ್ರಿಗಳು ವಾರಕ್ಕೊಂದು ಹೊತ್ತು ಊಟ ಬಿಡಲು ಜನರನ್ನು ಬೇಡಿಕೊಂಡ ಕಾಲವದು. ಹಸಿದವನಿಗೆ ಅನ್ನವಿಕ್ಕಿ, ಎಲೆಯ ಮುಂದೆ ನಿಂತು ಮಾತಾಡಬೇಡವೆಂದರೆ ಹೇಗಾದೀತು? ಕನ್ನಡದಲ್ಲಿ ಇದಕ್ಕೊಂದು ಪುಟ್ಟ ಶಬ್ದವಿದೆ: ಹಂಗು. ಉಪಕಾರ ಹಂಗಾದೊಡನೆ ಉಂಡ ಅನ್ನವೂ ಗಂಟಲಲ್ಲಿ ನಿಲ್ಲುತ್ತದೆ. ಅಮೇರಿಕೆಯ ಮೇಲಿನ ಮುನಿಸಿನ ಮೊದಲ ಬೇರು ಇಲ್ಲಿದೆ.

ಎರಡನೆಯ ಬೇರು, ಆಡಿದ ಮಾತಿಗೂ ಮಾಡಿದ ಕೆಲಸಕ್ಕೂ ಇರುವ ಅಂತರ. ಮನುಷ್ಯರೆಲ್ಲರೂ ಸಮಾನರೆಂದು 1776ರಲ್ಲಿ ಸಾರಿದ ದೇಶವದು. ಆದ್ದರಿಂದಲೇ ಜಗತ್ತು ಅದನ್ನು ಅದರ ಮಾತಿನಿಂದಲೇ ಅಳೆಯುತ್ತದೆ. ಇರಾನಿನ ಪ್ರಧಾನಿ ಮೊಸಾದ್ದೆಕರು 1951ರಲ್ಲಿ ತಮ್ಮ ನೆಲದ ಎಣ್ಣೆಯನ್ನು ರಾಷ್ಟ್ರದ ಸ್ವತ್ತು ಮಾಡಿದರು. 1953ರಲ್ಲಿ ಬ್ರಿಟನ್ ಮತ್ತು ಅಮೇರಿಕೆಗಳ ಗುಪ್ತಚಾರರ ಕೈವಾಡದಿಂದ ಅವರು ಪದಚ್ಯುತರಾದರು. ಷಹನ ಆಳಿಕೆ ಬಲಗೊಂಡಿತು. ಅಮೇರಿಕೆಯ ಜನಸಾಮಾನ್ಯರು ಇದನ್ನು ಬೇಗನೆ ಮರೆತರು, ಇರಾನಿನವರು ಮರೆಯಲಿಲ್ಲ. 1979ರಲ್ಲಿ ತೆಹರಾನಿನ ರಾಯಭಾರ ಕಚೇರಿ ಮುತ್ತಿಗೆಗೆ ಸಿಕ್ಕು 52 ಜನ ಅಮೇರಿಕನ್ನರು 444 ದಿನ ಸೆರೆಯಲ್ಲಿದ್ದಾಗ, ‘ನಮ್ಮನ್ನೇಕೆ ಇಷ್ಟು ದ್ವೇಷಿಸುತ್ತಾರೆ?’ ಎಂದು ಅಲ್ಲಿಯ ಜನ ಬೆರಗಾದರು. ಸೆರೆಸಿಕ್ಕವರು 1953ರ ಅಪರಾಧಿಗಳಲ್ಲ. ಹಳೆಯ ಸಾಲವನ್ನು ಬೇರೆಯವರಿಂದ ವಸೂಲು ಮಾಡಿದ ಅನ್ಯಾಯವೇ ಅದು. ಆದರೆ ಸಾಲವಿದ್ದದ್ದು ಸುಳ್ಳಲ್ಲ. ವಿಯೆಟ್ನಾಮಿನಲ್ಲಿ, 2003ರ ತರುವಾಯ ಇರಾಕಿನಲ್ಲಿ ಇಂಥ ಲೆಕ್ಕಗಳೇ ಬೆಳೆದವು. ನಮಗೂ ಒಂದು ನೆನಪಿದೆ. 1971ರ ಡಿಸೆಂಬರದಲ್ಲಿ, ಬಾಂಗ್ಲಾದೇಶದ ಯುದ್ಧ ನಡೆದಿದ್ದಾಗ, ‘ಎಂಟರ್‌ಪ್ರೈಸ್’ ಎಂಬ ಯುದ್ಧನೌಕೆಯನ್ನು ಅಮೇರಿಕೆ ಬಂಗಾಲ ಉಪಸಾಗರದತ್ತ ಕಳಿಸಿತ್ತು.

ಮೂರನೆಯ ಬೇರು ಸಂತೆಯಲ್ಲಿದೆ. ಹತ್ತಿಯ ನೂಲಿನಿಂದ ನಮ್ಮ ನಾಡನ್ನು ಅಮೇರಿಕೆಗೆ ಕಟ್ಟಿ ಬಹಳ ಕಾಲವಾಯಿತು. 1840ರ ದಶಕದಲ್ಲಿಯೇ ಕಂಪನಿ ಸರಕಾರ ನ್ಯೂ ಆರ್ಲಿಯನ್ಸಿನ ಬೀಜ ತರಿಸಿ ಧಾರವಾಡ ಸೀಮೆಯಲ್ಲಿ ಬಿತ್ತಿಸಿತು. ಆ ಹತ್ತಿಗೆ ‘ಧಾರವಾಡ-ಅಮೇರಿಕನ್’ ಎಂದೇ ಹೆಸರಾಯಿತು. 1861ರಿಂದ 1865ರ ವರೆಗೆ ಅಲ್ಲಿ ಅಂತರ್ಯುದ್ಧ ನಡೆದಾಗ ಇಲ್ಲಿ ಹತ್ತಿಯ ಧಾರಣೆ ಏರಿತು. ಯುದ್ಧ ಮುಗಿದೊಡನೆ ಕುಸಿಯಿತು. ಏರಿದ್ದೂ ಇಳಿದದ್ದೂ ನಮ್ಮ ರೈತನ ಕೈಯಲ್ಲಿರಲಿಲ್ಲ. 2025ರಲ್ಲಿಯೂ ಕಂಡದ್ದೇನು? ರಷ್ಯದಿಂದ ಎಣ್ಣೆ ಕೊಳ್ಳುತ್ತೇವೆಂದು ನಮ್ಮ ಸರಕಿನ ಮೇಲಿನ ಸುಂಕವನ್ನು ಅಮೇರಿಕೆ ಆಗಸ್ಟ್ 27ರಿಂದ ಶೇಕಡಾ 50ಕ್ಕೆ ಏರಿಸಿತು. ಅದೇ ತಿಂಗಳು ನಮ್ಮ ಸರಕಾರ ಹೊರಗಿನ ಹತ್ತಿಯ ಮೇಲಿನ ಶೇಕಡಾ 11ರ ಸುಂಕವನ್ನು ವರ್ಷದ ಕೊನೆಯ ವರೆಗೆ ತೆಗೆದುಹಾಕಿತು. ನೂಲು ಕೊಳ್ಳುವ ಬನಹಟ್ಟಿಯ ನೇಕಾರನಿಗೆ ಹತ್ತಿ ಅಗ್ಗವಾದರೆ ಹಿತ. ಹತ್ತಿ ಬೆಳೆದ ರೈತನಿಗೆ ಅದೇ ಅಹಿತ. ದೂರದ ಒಬ್ಬನ ಸಹಿಯಿಂದ ನಮ್ಮ ಸಂತೆಯಲ್ಲಿ ಅಣ್ಣತಮ್ಮಂದಿರ ಲೆಕ್ಕಗಳು ಬೇರೆಯಾಗುವುದೆಂದರೆ ಮನಸ್ಸು ಕಹಿಯಾಗದೆ ಇದ್ದೀತೆ?

ಇವು ಗಟ್ಟಿ ಕಾಳುಗಳು. ಇನ್ನು ಜೊಳ್ಳನ್ನೂ ನೋಡಬೇಕಲ್ಲ! ಹೊಲದ ಬದುವಿನಲ್ಲಿ ಹಬ್ಬಿರುವ ಕಾಂಗ್ರೆಸ್ ಕಸ ಅಮೇರಿಕೆಯ ಗೋಧಿಯೊಡನೆ ಬಂತೆಂದು ಊರೆಲ್ಲ ಹೇಳುತ್ತದೆ. ಅದರ ತವರು ಅಮೇರಿಕಾ ಖಂಡವೆಂಬುದು ನಿಜ. ಆದರೆ 19ನೆಯ ಶತಮಾನದಲ್ಲಿಯೇ ಅದು ಭಾರತದಲ್ಲಿ ಇತ್ತೆಂಬುದಕ್ಕೆ ಸಸ್ಯಶಾಸ್ತ್ರಜ್ಞರ ದಾಖಲೆಗಳಿವೆ. ಮುನಿದ ಮನಸ್ಸು ಕಂಡ ಕಸವನ್ನೆಲ್ಲ ಒಬ್ಬನ ಅಂಗಳಕ್ಕೆ ಗುಡಿಸುತ್ತದೆ. ಇದರಿಂದ ನಿಜವಾದ ದೂರಿಗೇ ಬಲ ಕಡಿಮೆ.

ಇನ್ನೊಂದು ಮುಖವನ್ನೂ ಮರೆಯಲಾಗದು. 1964ರಲ್ಲಿ ಬಿಡುಗಡೆಯಾದ ಸಿ.ಎಸ್.ಎಚ್.-1 ಎಂಬ ಹೈಬ್ರಿಡ್ ಜೋಳದ ತಾಯಿತಳಿ ಅಮೇರಿಕೆಯಿಂದ ಬಂದದ್ದು. ಹಂಗಿನ ಕಾಳು ಬಂದ ನೆಲದಿಂದಲೇ ಹಂಗು ಹರಿಯುವ ಬೀಜವೂ ಬಂತು. ಕೂಡಿಬಿದ್ದ ರೂಪಾಯಿ ಸಾಲದಲ್ಲಿ 1,664 ಕೋಟಿಯನ್ನು 1974ರಲ್ಲಿ ಆ ಸರಕಾರ ಬಿಟ್ಟುಕೊಟ್ಟಿತು. ಕನ್ನಡದ ಎ. ಕೆ. ರಾಮಾನುಜನ್ನರು ಚಿಕಾಗೋದಲ್ಲಿ ಪಾಠ ಹೇಳುತ್ತ ನಮ್ಮ ಶಿವಶರಣರ ವಚನಗಳನ್ನು ಇಂಗ್ಲಿಷಿಗೆ ತಂದರು. ಆ ಪುಸ್ತಕ 1973ರಲ್ಲಿ ಹೊರಬಂತು. ವಿಯೆಟ್ನಾಮಿನ ಯುದ್ಧ ಬೇಡವೆಂದು ಬೀದಿಗಿಳಿದವರಲ್ಲಿ ಲಕ್ಷಾಂತರ ಅಮೇರಿಕನ್ನರೇ ಇದ್ದರು. ಸರಕಾರವೇ ಬೇರೆ, ಜನವೇ ಬೇರೆ.

ಈ ವಿವೇಕವನ್ನು ನಮ್ಮ ಮುಧೋಳದ ರನ್ನ ಸಾವಿರ ವರ್ಷದ ಹಿಂದೆಯೇ ತೋರಿಸಿಕೊಟ್ಟಿದ್ದಾನೆ. ಅವನ ಗದಾಯುದ್ಧದಲ್ಲಿ ಪಾಂಡವರ ಕಡುಹಗೆಯಾದ ದುರ್ಯೋಧನ, ರಣಭೂಮಿಯಲ್ಲಿ ಬಿದ್ದ ಅಭಿಮನ್ಯುವಿನ ಎದುರು ನಿಂತು ಅವನ ಸಾಹಸಕ್ಕೆ ಕೈಮುಗಿಯುತ್ತಾನೆ. ಹಗೆ ಬಿಟ್ಟನೆ? ಇಲ್ಲ. ಹಗೆಯ ನಡುವೆಯೂ ಗುಣವನ್ನು ಕಾಣುವ ಕಣ್ಣು ಅವನಿಗಿತ್ತು.

ಆದುದರಿಂದ ಇನ್ನು ಮೇಲೆ ಅಮೇರಿಕೆಯನ್ನು ಬಯ್ಯುವ ಮಾತು ಕಿವಿಗೆ ಬಿದ್ದಾಗ ಎರಡು ಪ್ರಶ್ನೆ ಕೇಳಿರಿ: ಯಾವ ಕೆಲಸಕ್ಕೆ ಈ ಸಿಟ್ಟು? ಅದನ್ನು ಮಾಡಿದವರು ಯಾರು? ಉತ್ತರ ಸಿಕ್ಕರೆ ಸಿಟ್ಟು ನ್ಯಾಯದ್ದು. ಸಿಗದಿದ್ದರೆ ಅದು ಕಾಂಗ್ರೆಸ್ ಕಸದ ಕಥೆ. ಹಂಗಿನ ನೋವಿಗೆ ಬೈಗುಳ ಮದ್ದಲ್ಲ. ಕೆಂಪು ಜೋಳದ ಸರದಿ ನಿಂತದ್ದು ಘೋಷಣೆಗಳಿಂದಲ್ಲ, ನಮ್ಮ ಹೊಲಗಳಲ್ಲಿ ಕಾಳು ಬೆಳೆದದ್ದರಿಂದ. ದೊಡ್ಡವನ ಎದುರು ನೆಟ್ಟಗೆ ನಿಂತು ಮಾತಾಡುವ ಧೈರ್ಯ, ನಮ್ಮ ಕಣಜ ತುಂಬಿದ್ದಾಗಲೇ ಬರುತ್ತದೆ.